ಲ್ಯಾಪ್‌ಟಾಪ್ ಒಂದೇ, ಡೊಮೇನ್ ಎರಡು
ಸಂಬಳ ಕೊಡುವ ಕಂಪನಿಯದು ಒಂದು ಡೊಮೇನ್, ಕೆಲಸ ಕೊಡುವ ಕ್ಲೈಂಟ್‌ನದು ಇನ್ನೊಂದು. ಬೆಂಗಳೂರಿನ ಐಟಿ ಜಗತ್ತಿಗೆ ಇದು ಹೊಸದಲ್ಲ. ಹಾಗಂತ ಲ್ಯಾಪ್‌ಟಾಪನ್ನು ಒಂದರಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸುತ್ತಾ ಕೂರುವುದು ದಂಡದ ಕೆಲಸ. ವಿಂಡೋಸ್ ಯಂತ್ರ ಒಂದು ಹೊತ್ತಿಗೆ ಒಂದೇ ಆಕ್ಟಿವ್ ಡೈರೆಕ್ಟರಿ ಡೊಮೇನಿಗೆ ಸೇರಬಲ್ಲದು. ಸೇರಿದಾಗ ಯಂತ್ರಕ್ಕೂ ಅಲ್ಲೊಂದು ಖಾತೆ, ಪಾಸ್‌ವರ್ಡ್ ಇರುತ್ತದೆ. ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಆ ಪಾಸ್‌ವರ್ಡನ್ನು ಯಂತ್ರವೇ ಬದಲಿಸಿಕೊಳ್ಳುತ್ತದೆ. ಡೊಮೇನ್ ಬಿಟ್ಟರೆ ಆ ನಂಟು ಕಡಿಯಿತು. ಹೊಸ ಲಾಗಿನ್‌ಗೆ ಹೊಸ ಪ್ರೊಫೈಲ್, ಅಂದರೆ ಖಾಲಿ ಡೆಸ್ಕ್‌ಟಾಪ್. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರಂತೂ ಐಟಿ ವಿಭಾಗದ ಮುಂದೆ ಕೈಕಟ್ಟಿ ನಿಲ್ಲಬೇಕು.

ಹಾಗಾದರೆ ಕ್ಲೈಂಟ್‌ನ ಫೈಲ್ ತೆರೆಯುವುದು ಹೇಗೆ ಎಂದು ಕೇಳಬಹುದು. ಶೇರ್ ಫೋಲ್ಡರ್ ಸಾಮಾನ್ಯವಾಗಿ ನೋಡುವುದು ಬಳಕೆದಾರನ ಗುರುತನ್ನು, ಯಂತ್ರದ ಡೊಮೇನನ್ನಲ್ಲ. ವಿಪಿಎನ್ ಹಾಕಿ, ಕ್ಲೈಂಟ್‌ನ ಡೊಮೇನ್ ಹೆಸರಿನೊಂದಿಗೆ ಅವರು ಕೊಟ್ಟ ಯೂಸರ್‌ನೇಮ್ ಬರೆದರೆ ಬಹುಪಾಲು ಕೆಲಸ ಆಗುತ್ತದೆ. ಎರಡು ಡೊಮೇನ್‌ಗಳ ನಡುವೆ ಟ್ರಸ್ಟ್ ಇದ್ದರೆ ಸಾಮಾನ್ಯವಾಗಿ ಪ್ರತ್ಯೇಕ ಯೂಸರ್‌ನೇಮ್ ಬೇಕಿಲ್ಲ. ಆದರೆ ಬೇರೆ ಬೇರೆ ಕಂಪನಿಗಳು ಅಷ್ಟು ಸುಲಭಕ್ಕೆ ಪರಸ್ಪರ ನಂಬುವುದಿಲ್ಲ, ನಂಬಲೂಬಾರದು. ತಮ್ಮ ಯಂತ್ರಗಳನ್ನಷ್ಟೇ ಒಳಗೆ ಬಿಡುವ ಕ್ಲೈಂಟ್ ಆದರೆ ರಿಮೋಟ್ ಡೆಸ್ಕ್‌ಟಾಪ್ ಕೇಳಿ. ಅದು ನಿಧಾನ ಎಂಬ ದೂರು ನಿಜವೇ. ಆದರೆ ಕ್ಲೈಂಟ್‌ನ ಡೇಟಾ ಕ್ಲೈಂಟ್ ಬಳಿಯೇ ಉಳಿಯುತ್ತದೆ. ಲ್ಯಾಪ್‌ಟಾಪ್ ಕಳುವಾದ ದಿನ ಆ ನಿಧಾನಕ್ಕೆ ಬೆಲೆ ಬರುತ್ತದೆ. ಇಷ್ಟಾದರೂ ಸರ್ವರ್ ಸಿಗುತ್ತಿಲ್ಲವೇ? ಪಾಸ್‌ವರ್ಡ್ ಬದಲಿಸುವ ಮೊದಲು ಡಿಎನ್‌ಎಸ್ ನೋಡಿ.