ನಿಮಗಿದು ಗೊತ್ತೆ?: ಸಗಣಿಗೂ ಕಾರ್ಬನ್ ಕ್ರೆಡಿಟ್!

ಹವಾಮಾನ ಬದಲಾವಣೆಯ ಪಾಠವನ್ನು ಅಡುಗೆಮನೆಯಿಂದಲೇ ಶುರುಮಾಡಬಹುದು ಎಂಬುದಕ್ಕೆ ಚಿಂತಾಮಣಿ ಸೀಮೆಯ ಹಳ್ಳಿಗಳೇ ಸಾಕ್ಷಿ.

● ಬಾಗೇಪಲ್ಲಿ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ‘ಶುದ್ಧ ಅಭಿವೃದ್ಧಿ ವ್ಯವಸ್ಥೆ’ಯಡಿ ನೋಂದಣಿಯಾಯಿತು.

● ಗುರಿ: 5,500 ಮನೆಗಳಿಗೆ ತಲಾ 2 ಘನ ಮೀಟರ್ ಸಾಮರ್ಥ್ಯದ ಗ್ಯಾಸ್ ಗುಂಡಿ.

● ವ್ಯಾಪ್ತಿ: ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳು. ಆಗಿನ್ನೂ ಇವೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು; ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ.

● ಲೆಕ್ಕ ಸರಳ: ಸೌದೆ, ಸೀಮೆಎಣ್ಣೆ ಉರಿಸುವುದು ತಪ್ಪಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆ. ಹೀಗೆ ತಪ್ಪಿದ ಪ್ರತಿ 1 ಟನ್ನಿಗೆ 1 ಕ್ರೆಡಿಟ್. ಅದನ್ನು ವಿದೇಶಗಳಿಗೂ ಮಾರಬಹುದು.

● ಗ್ಯಾಸ್ ಕೊಟ್ಟು ಹೊರಬಂದ ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರ.