ಆಟಕ್ಕೂ ಓದಿಗೂ ನಡುವಿನ ಮಿತಿ: ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲ್ ನಿಯಮಗಳು

ಗ್ರಾಮದ ಮಕ್ಕಳು ಕ್ರೀಡಾ ವಸತಿ ನಿಲಯಕ್ಕೋ ಕಾಲೇಜು ತಂಡಕ್ಕೋ ಆಯ್ಕೆಯಾದಾಗ, ಪೋಷಕರು ಸಲಹೆಗಾಗಿ ಗ್ರಾಮ ಪಂಚಾಯತ್ ಸದಸ್ಯರ ಬಳಿ ಬರುವುದುಂಟು. ವಿದ್ಯಾರ್ಥಿಗಳನ್ನು ಆಟಕ್ಕಾಗಿ ಸೇರಿಸಿಕೊಳ್ಳುವ ಸಂಸ್ಥೆಗಳಿಗೆ ಅಮೆರಿಕದಲ್ಲಿ ಯಾವ ಕಟ್ಟುಪಾಡುಗಳಿವೆ ಎಂಬುದನ್ನು ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅದು ಅಂಡಾಕಾರದ ಚೆಂಡನ್ನು ಹಿಡಿದು ಓಡುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ. 1905ರಲ್ಲಿ ಈ ಆಟದಲ್ಲಿ ಸಂಭವಿಸಿದ ಸಾವುಗಳು ಕಳವಳ ಮೂಡಿಸಿದಾಗ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಸುಧಾರಣೆಗೆ ಒತ್ತಾಯಿಸಿದರು. ಮರುವರ್ಷ ಹುಟ್ಟಿದ ಸಂಘವೇ ಇಂದಿನ ಎನ್‌ಸಿಎಎ. 1973ರಲ್ಲಿ ಅದು ಕಾಲೇಜುಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಿತು. ಸಣ್ಣ ಕಾಲೇಜುಗಳಲ್ಲಿ ಬಹಳಷ್ಟು ಮೂರನೆಯ ವಿಭಾಗಕ್ಕೆ ಸೇರಿವೆ.

ಮೂರನೆಯ ವಿಭಾಗದ ಮೂಲ ನಿಯಮವೆಂದರೆ, ಆಟದ ಸಾಮರ್ಥ್ಯಕ್ಕಾಗಿ ವಿದ್ಯಾರ್ಥಿವೇತನ ನೀಡುವಂತಿಲ್ಲ. ತರಬೇತುದಾರರು ಪ್ರೌಢಶಾಲೆಯ ಆಟಗಾರರನ್ನು ಸಂಪರ್ಕಿಸಿ ಆಹ್ವಾನಿಸಬಹುದು. ಆದರೆ ಶುಲ್ಕದ ನೆರವು ಕುಟುಂಬದ ಆರ್ಥಿಕ ಸ್ಥಿತಿಯನ್ನು ಅಥವಾ ಓದಿನ ಅರ್ಹತೆಯನ್ನು ಆಧರಿಸಿಯೇ ದೊರೆಯತಕ್ಕದ್ದು. ಇದರ ಫಲ ಮಹತ್ತರವಾದುದು. ಆಟಗಾರನು ಗಾಯಗೊಂಡರೂ, ತಂಡವನ್ನು ತೊರೆದರೂ, ಆ ಕಾರಣಕ್ಕಾಗಿ ಅವನ ನೆರವು ನಿಲ್ಲುವುದಿಲ್ಲ.

ಆದರೆ ಈ ನಿಯಮದಿಂದ ಕಾಲೇಜಿನ ಹಣಕಾಸಿನ ಆಸಕ್ತಿ ಇಲ್ಲವಾಗುವುದಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಕುಸಿಯುತ್ತಿರುವ ಹಲವು ಸಣ್ಣ ಕಾಲೇಜುಗಳು ದಾಖಲಾತಿ ಹೆಚ್ಚಿಸಲೆಂದೇ ಫುಟ್‌ಬಾಲ್ ತಂಡ ಕಟ್ಟಿವೆ. ನೂರು ಮಂದಿಯ ತಂಡವೆಂದರೆ ಶುಲ್ಕ ತೆರುವ ನೂರು ವಿದ್ಯಾರ್ಥಿಗಳು. ಪಂದ್ಯದಲ್ಲಿ ಒಮ್ಮೆಗೆ ಕಣಕ್ಕಿಳಿಯುವವರು 11 ಮಂದಿ ಮಾತ್ರ. ತರಬೇತುದಾರರ ಆಹ್ವಾನವನ್ನು ಆಡುವ ಅವಕಾಶದ ಖಾತರಿಯೆಂದು ಭಾವಿಸಿದ ಕುಟುಂಬಗಳಿಗೆ ನಿರಾಶೆಯೊಂದಿಗೆ ಸಾಲವೂ ಉಳಿಯಬಹುದು.

ಅಭ್ಯಾಸಕ್ಕೂ ಮಿತಿಯಿದೆ. ಮೊದಲನೆಯ ವಿಭಾಗದಲ್ಲಿ 1991ರಿಂದ ಪಂದ್ಯಾವಳಿಯ ಕಾಲದಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಗಳ ಮಿತಿಯನ್ನು ವಿಧಿಸಲಾಗಿದೆ. ಮೂರನೆಯ ವಿಭಾಗವು ಮುಖ್ಯವಾಗಿ ಕ್ರೀಡಾ ಋತುವಿನ ಅವಧಿಯನ್ನೇ ಸೀಮಿತಗೊಳಿಸುತ್ತದೆ. ವಾರಕ್ಕೊಂದು ದಿನದ ಬಿಡುವು ಅಲ್ಲಿಯೂ ಕಡ್ಡಾಯ.

ಅಭ್ಯಾಸ ಕಡಿಮೆಯಾದರೆ ಗೆಲುವು ಕೈತಪ್ಪುತ್ತದೆಂಬ ಆತಂಕ ಸಹಜ. ಮಿನ್ನೆಸೋಟ ರಾಜ್ಯದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. 1953ರಿಂದ 2012ರವರೆಗೆ ಅಲ್ಲಿ ತರಬೇತುದಾರರಾಗಿದ್ದ ಜಾನ್ ಗಾಗ್ಲಿಯಾರ್ಡಿ ಅವರು ಅಭ್ಯಾಸದಲ್ಲಿ ಆಟಗಾರರು ಪರಸ್ಪರ ಕೆಡಹುವುದನ್ನು ನಿಷೇಧಿಸಿದ್ದರು. ಅಭ್ಯಾಸವನ್ನು ಸುಮಾರು ಒಂದೂವರೆ ಗಂಟೆಗೆ ಮುಗಿಸುತ್ತಿದ್ದರು. ಸೀಟಿಯನ್ನೂ ಬಳಸುತ್ತಿರಲಿಲ್ಲ. ಆದರೂ ಅವರ ತಂಡ ನಾಲ್ಕು ಬಾರಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ತಮ್ಮ ವೃತ್ತಿಜೀವನದಲ್ಲಿ ಅವರು ಕಂಡ 489 ಗೆಲುವುಗಳು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಾಖಲೆಯಾಗಿವೆ.

ಆ ಆಟ ನಮ್ಮ ಗ್ರಾಮಗಳಲ್ಲಿಲ್ಲ. ಆ ನಿಯಮಗಳೂ ನಮಗೆ ಅನ್ವಯಿಸುವುದಿಲ್ಲ. ಆದರೆ ಅವುಗಳ ಹಿಂದಿರುವ ಪ್ರಶ್ನೆಗಳು ಕಬಡ್ಡಿ, ಕೊಕ್ಕೊ, ಅಥ್ಲೆಟಿಕ್ಸ್ ಯಾವುದಕ್ಕಾದರೂ ಸಲ್ಲುತ್ತವೆ. ಮಗುವನ್ನು ಕಳುಹಿಸುವ ಮುನ್ನ ಪೋಷಕರು ಈ ಅಂಶಗಳನ್ನು ಲಿಖಿತವಾಗಿ ಕೇಳಿ ಪಡೆಯುವಂತೆ ಸದಸ್ಯರು ತಿಳಿಹೇಳುವುದು ಒಳಿತು: ಶುಲ್ಕ ವಿನಾಯಿತಿಯು ಆಡುತ್ತಿರುವವರೆಗೆ ಮಾತ್ರವೇ? ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು? ದಿನಕ್ಕೆ ಎಷ್ಟು ಗಂಟೆ ಅಭ್ಯಾಸ, ವಾರದಲ್ಲಿ ಯಾವ ದಿನ ಬಿಡುವು? ಆಟ ನಿಂತರೂ ಓದು ಮುಂದುವರಿಯುವುದೇ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ, ಸಹಿ ಹಾಕುವ ಮೊದಲು ಮತ್ತೊಮ್ಮೆ ವಿಚಾರಿಸುವುದು ಸೂಕ್ತ.