ವೈರಸ್‌ನಿಂದ ಗ್ರಂಥಿಯ ಕ್ಯಾನ್ಸರ್ ಬರುತ್ತದೆಯೇ?



“ಕ್ಯಾನ್ಸರ್ ವೈರಸ್‌ನಿಂದಲೂ ಬರುತ್ತದಂತೆ, ಹಾಗಾದರೆ ಅದು ಅಂಟುರೋಗವೇ?” ಎಂದು ಸಂಘದ ಸಭೆಗಳಲ್ಲಿ ಕೇಳುವವರಿದ್ದಾರೆ. ಈ ಹೆದರಿಕೆಯಿಂದಲೇ ಕೆಲವು ಮನೆಗಳಲ್ಲಿ ರೋಗಿಯನ್ನು ದೂರ ಕೂರಿಸುತ್ತಾರೆ. ನಿಜ ಸಂಗತಿ ತಿಳಿಯೋಣ.

ನಮ್ಮ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ದುಗ್ಧಗ್ರಂಥಿಗಳಿವೆ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಅಲ್ಲಿರುತ್ತವೆ. ಈ ಕಣಗಳು ಹದ್ದುಮೀರಿ ಬೆಳೆದರೆ ಅದೇ ಲಿಂಫೋಮಾ ಎಂಬ ಕ್ಯಾನ್ಸರ್.

ಆಫ್ರಿಕಾದ ಉಗಾಂಡದಲ್ಲಿ ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಇದ್ದರು. ಮಕ್ಕಳ ದವಡೆಯಲ್ಲಿ ಬೇಗಬೇಗ ಬೆಳೆಯುವ ಗಡ್ಡೆಯ ಬಗ್ಗೆ 1958ರಲ್ಲಿ ಬರೆದರು. 1961ರಲ್ಲಿ ಇಬ್ಬರು ಗೆಳೆಯರೊಡನೆ ಹಳೇ ಗಾಡಿಯಲ್ಲಿ ಸುಮಾರು 10,000 ಮೈಲಿ ಸುತ್ತಿ ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಸೆಖೆ, ಮಳೆ ಹೆಚ್ಚಿರುವ ಕಡೆ ಈ ಗಡ್ಡೆ ಹೆಚ್ಚು. ತಂಪಾದ ಎತ್ತರದ ಊರುಗಳಲ್ಲಿ ಅಪರೂಪ. ಮಲೇರಿಯಾ ಹೆಚ್ಚಿರುವ ಜಾಗಗಳೂ ಅವೇ!

ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಆಂಟನಿ ಎಪ್‌ಸ್ಟೈನ್, ಗಡ್ಡೆಯ ತುಣುಕುಗಳನ್ನು ವಿಮಾನದಲ್ಲಿ ತರಿಸಿ ಪರೀಕ್ಷಿಸಿದರು. 1964ರಲ್ಲಿ ಅವರೂ ಬರ್ಟ್ ಅಚಾಂಗ್, ಇವೊನ್ ಬಾರ್ ಅವರೂ ಅದರಲ್ಲಿ ಹೊಸ ವೈರಸ್ ಕಂಡರು. ಅದೇ ಎಪ್‌ಸ್ಟೈನ್-ಬಾರ್ ವೈರಸ್. ಹೆಸರಿನಲ್ಲಿರುವ ಬಾರ್ ಒಬ್ಬ ಮಹಿಳೆ!

ಎಂಜಲಿನಿಂದ ಹರಡುವ ಈ ವೈರಸ್ ಲೋಕದ ದೊಡ್ಡವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರ ಮೈಯಲ್ಲಿದೆ. ನಿಮ್ಮಲ್ಲೂ ನನ್ನಲ್ಲೂ ಇರಬಹುದು. ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಬೀಜ ಬಿದ್ದ ಮಾತ್ರಕ್ಕೆ ಬೆಳೆ ಬರುತ್ತದೆಯೇ? ಮಣ್ಣು, ನೀರು ಕೂಡಿಬರಬೇಕು. ಆಫ್ರಿಕಾದ ಆ ಮಕ್ಕಳಿಗೆ ವೈರಸ್ ಜೊತೆ ಪದೇಪದೇ ಮಲೇರಿಯಾ ಬರುತ್ತಿತ್ತು. ಬಿಳಿ ರಕ್ತಕಣದ ವಂಶವಾಹಿಯಲ್ಲೂ ಏರುಪೇರಾಗಿತ್ತು.

ಬೇರೆ ವೈರಸ್‌ಗಳೂ ಇವೆ. ಹೆಚ್.ಐ.ವಿ. ರೋಗನಿರೋಧಕ ಶಕ್ತಿ ಕುಂದಿಸಿ ಲಿಂಫೋಮಾಕ್ಕೆ ದಾರಿ ಮಾಡುತ್ತದೆ. ಎ.ಆರ್.ಟಿ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಅಪಾಯ ಕಡಿಮೆ. ಹೆಪಟೈಟಿಸ್-ಸಿ ವೈರಸ್‌ಗೆ ಔಷಧಿ ಕೊಟ್ಟಾಗ ನಿಧಾನವಾಗಿ ಬೆಳೆಯುವ ಕೆಲವು ಲಿಂಫೋಮಾಗಳು ಕುಗ್ಗಿದ್ದೂ ಉಂಟು. ಆದರೆ ಹೆಚ್ಚಿನ ಲಿಂಫೋಮಾಗಳಲ್ಲಿ ಯಾವ ವೈರಸ್ಸೂ ಸಿಕ್ಕಿಲ್ಲ.

ಆದ್ದರಿಂದ ನೆನಪಿಡಿ: ವೈರಸ್ ಅಂಟಬಹುದು, ಕ್ಯಾನ್ಸರ್ ಅಂಟುವುದಿಲ್ಲ. ರೋಗಿಯ ಪಕ್ಕ ಕೂತು ಉಣ್ಣಿ, ಮಾತಾಡಿಸಿ, ಸಂಘದ ಸಭೆಗೆ ಕರೆಯಿರಿ.

ಕುತ್ತಿಗೆ, ಕಂಕುಳಿನ ಗಂಟು ಎರಡು-ಮೂರು ವಾರವಾದರೂ ಇಳಿಯದಿದ್ದರೆ, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ, ಲೇಪ ಹಚ್ಚಿ ಕಾಯಬೇಡಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಟಿ.ಬಿ.ಯಿಂದಲೂ ಬರಬಹುದು. ಬೇಗ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅನೇಕ ಬಗೆಯ ಲಿಂಫೋಮಾ ಚಿಕಿತ್ಸೆಯಿಂದ ಗುಣವಾಗುತ್ತದೆ.